ಸೈಕಲ್ ಷಾಪಿನ ಕೈಕಸುಬು

ಪಂಕ್ಚರ್ ಹಾಕುವುದು, ಚಕ್ರದ ಬೆಂಡು ತೆಗೆಯುವುದು, ಓವರಾಲಿಂಗ್ ಮಾಡುವುದು, ಗಂಟೆಯ ಲೆಕ್ಕದಲ್ಲಿ ಸೈಕಲನ್ನು ಬಾಡಿಗೆಗೆ ಕೊಡುವುದು ಇವೆಲ್ಲ ಕೂಡಿದ ಸೈಕಲ್ ಷಾಪಿನ ಕಸುಬು ಕನ್ನಡನಾಡಿನ ಊರುಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಬೇರುಬಿಟ್ಟಿತು. ಹಳೆಯ ಕುಲಕಸುಬುಗಳ ಸಾಲಿಗೆ ಸೇರದ, ಪಠ್ಯಪುಸ್ತಕದ ಹಂಗಿಲ್ಲದೆ ಅಂಗಡಿಯ ಮುಂದಿನ ನೆಲದ ಮೇಲೆ ಕೂತು ಕಲಿತ ವಿದ್ಯೆ ಇದು. ಇದರ ಏಳಿಗೆಗೆ ರಿಪೇರಿಗಾರನ ಜಾಣತನವೇ ಕಾರಣವೆಂದು ಹೇಳುವುದು ವಾಡಿಕೆಯಾದರೂ, ಅವನ ಕೈಗೆ ಬಂದ ಯಂತ್ರ ಎರಡು ಮೂರು ತಲೆಮಾರುಗಳ ಕಾಲ ಹೆಚ್ಚುಕಡಿಮೆ ಬದಲಾಗದೆ ನಿಂತದ್ದು ಅದಕ್ಕಿಂತ ದೊಡ್ಡ ಕಾರಣವೆನ್ನಬೇಕು.

ಆ ಯಂತ್ರದ ಮೂಲ ಇಂಗ್ಲೆಂಡಿನದು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ರೋವರ್ ಸೈಕಲ್ಲಿನಲ್ಲಿ ಎರಡು ಚಕ್ರಗಳೂ ಬಹುಮಟ್ಟಿಗೆ ಒಂದೇ ಎತ್ತರಕ್ಕೆ ಬಂದು, ಚೈನು ಹಿಂದಿನ ಚಕ್ರವನ್ನು ತಿರುಗಿಸತೊಡಗಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದನು. ಇವೆರಡರ ಕೂಡಿಕೆಯಿಂದ ರೂಪುಗೊಂಡ ‘ರೋಡ್‌ಸ್ಟರ್’ ಎಂಬ ಗಟ್ಟಿ ಕಪ್ಪು ಸೈಕಲ್ಲಿಗೆ 28 ಅಂಗುಲ ಎತ್ತರದ, ಒಂದೂವರೆ ಅಂಗುಲ ದಪ್ಪದ ಟೈರು, ಸರಳಿನ ಬ್ರೇಕು, ಮುಂದಿನ ಚಕ್ರಕ್ಕೆ 32 ಕಡ್ಡಿ, ಹೆಚ್ಚು ಭಾರ ಹೊರುವ ಹಿಂದಿನದಕ್ಕೆ 40 ಕಡ್ಡಿ ಎಂಬ ಅಳತೆಗಳು ನೆಲೆಯಾದವು. ರ್‍ಯಾಲಿ, ಬಿಎಸ್‌ಎ, ಹರ್ಕ್ಯುಲಿಸ್ ಮುಂತಾದ ಹೆಸರುಗಳಲ್ಲಿ ಹಡಗೇರಿ ಬಂದ ಈ ಸೈಕಲ್ಲನ್ನೇ ಸ್ವಾತಂತ್ರ್ಯಾನಂತರ ಅಂಬತ್ತೂರಿನ ಟಿ.ಐ. ಸೈಕಲ್ಸ್, ಆಸನ್ಸೋಲಿನ ಸೆನ್-ರ್‍ಯಾಲಿ, ಸೋನಿಪತ್ತಿನ ಅಟ್ಲಾಸ್, 1956ರಿಂದ ಲುಧಿಯಾನದ ಹೀರೊ ಕಾರ್ಖಾನೆಗಳು ಇಲ್ಲಿಯೇ ತಯಾರಿಸಿದವು. ಹೆಸರು ಬೇರೆಯಾದರೂ ಅಳತೆ ಒಂದೇ ಆಗಿದ್ದುದರಿಂದ, ಒಂದರ ಕಡ್ಡಿ ಇನ್ನೊಂದಕ್ಕೆ ಹೊಂದುತ್ತಿತ್ತು. ಕೆಟ್ಟುಹೋದ ನಾಲ್ಕು ಸೈಕಲ್ಲುಗಳಿಂದ ಓಡುವ ಒಂದನ್ನು ಕಟ್ಟುವುದು ಸಾಧ್ಯವಾದದ್ದು ಇದರಿಂದಲೇ.

ಈ ಯಂತ್ರದ ಅತಿ ಚಿಕ್ಕ ಭಾಗವೇ ಅತಿ ಹೆಚ್ಚು ತಂಟೆಯದೂ ಆಗಿತ್ತು. 1891ರ ಸುಮಾರಿನಲ್ಲಿ ವುಡ್ಸ್ ಎಂಬವನು ರೂಪಿಸಿದ ವಾಲ್ವಿನಲ್ಲಿ ಹಿತ್ತಾಳೆಯ ಸಣ್ಣ ಟೊಳ್ಳು ಕಡ್ಡಿಯೊಂದರ ಪಕ್ಕದಲ್ಲಿ ತೂತಿದ್ದು, ಅದರ ಮೇಲೆ ತೆಳುವಾದ ರಬ್ಬರಿನ ಕೊಳವೆಯನ್ನು ತೊಡಿಸಲಾಗಿರುತ್ತದೆ. ಪಂಪಿನ ಗಾಳಿ ಆ ರಬ್ಬರನ್ನು ಹೊರಕ್ಕೆ ಉಬ್ಬಿಸಿಕೊಂಡು ಟ್ಯೂಬಿನೊಳಗೆ ನುಗ್ಗಿದರೆ, ಒಳಗೆ ತುಂಬಿದ ಗಾಳಿ ಅದೇ ರಬ್ಬರನ್ನು ತೂತಿಗೆ ಒತ್ತಿಹಿಡಿದು ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ‘ವಾಲ್‌ಟ್ಯೂಬು’ ಎಂದು ಎಲ್ಲರೂ ಕರೆದ ಈ ರಬ್ಬರು ಬಿಸಿಲಿಗೆ ಜಿಗುಟಾಗಿ, ಹಳತಾದಂತೆ ಬಿರಿದು, ರಾತ್ರಿ ಬಿಗಿಯಾಗಿದ್ದ ಚಕ್ರವನ್ನು ಬೆಳಗಾಗುವುದರೊಳಗೆ ಮೆತ್ತಗಾಗಿಸುತ್ತಿತ್ತು. ಸೈಕಲ್ಲಿನ ಯಜಮಾನ ಅದನ್ನು ಪಂಕ್ಚರೆಂದು ತಿಳಿದು ಬಂದರೆ, ಅನುಭವಸ್ಥನಾದ ರಿಪೇರಿಗಾರನು ಟೈರನ್ನು ಬಿಚ್ಚುವ ಮೊದಲು ವಾಲ್ವಿನ ಬಾಯಿಗೆ ಬೆರಳಿನಿಂದ ಎಂಜಲು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡುತ್ತಿದ್ದನು.  ಉಪಕರಣವಿಲ್ಲದೆ ಬರಿಗೈಯಲ್ಲಿ ಬಿಚ್ಚಬಹುದಾದ ವಾಲ್ವು ಇದಾದ್ದರಿಂದ ಚೇಷ್ಟೆಯ ಹುಡುಗರಿಗೂ, ದೀಪವಿಲ್ಲದೆ ಬಂದ ಸವಾರನ ಚಕ್ರದ ಗಾಳಿ ಬಿಟ್ಟು ಸ್ಥಳದಲ್ಲೇ ಶಿಕ್ಷೆ ವಿಧಿಸುತ್ತಿದ್ದ ಪೊಲೀಸರಿಗೂ ಅದು ಅಷ್ಟೇ ಅನುಕೂಲವಾಗಿತ್ತು.

ನಿಜವಾದ ಪಂಕ್ಚರಿನ ಕೆಲಸಕ್ಕೆ ತನ್ನದೇ ಕ್ರಮವಿತ್ತು. ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ಬಂದ ಜಾಗವನ್ನು ಗುರುತಿಸಿ, ಒರೆಸಿ, ಅರದಿಂದಲೋ ಉಪ್ಪುಕಾಗದದಿಂದಲೋ ಒರಟಾಗುವವರೆಗೆ ಉಜ್ಜಿ, ‘ಸಲೂಷನ್’ ಎಂಬ ರಬ್ಬರು ಅಂಟನ್ನು ಸವರಿ, ಅದು ಆರುವವರೆಗೆ ಕಾದು, ಹಳೆಯ ಟ್ಯೂಬಿನಿಂದ ಕತ್ತರಿಸಿದ ತೇಪೆಯನ್ನು ಒತ್ತಿ ಬಡಿಯಬೇಕು. ಕೆಲಸ ಕೆಡುತ್ತಿದ್ದುದು ಬಹುಪಾಲು ಆ ಕಾಯುವ ಹಂತದಲ್ಲಿ, ಏಕೆಂದರೆ ಹಸಿ ಅಂಟಿನ ಮೇಲೆ ಹಾಕಿದ ತೇಪೆ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಟೈರೇ ಬಿರಿದಿದ್ದರೆ ಹಳೆಯ ಟೈರಿನ ತುಂಡನ್ನು ಒಳಗಿನಿಂದ ಆಸರೆಯಾಗಿ ಇಡುತ್ತಿದ್ದರು. ಇದಕ್ಕೆ ‘ಗೇಟರ್ ಹಾಕುವುದು’ ಎಂದು ಹೆಸರು. 1942ರಲ್ಲಿ ಜಪಾನೀಯರು ಮಲಯಾವನ್ನು ವಶಪಡಿಸಿಕೊಂಡು ರಬ್ಬರಿಗೆ ಬರ ಬಂದಾಗ, ಇಂಗ್ಲೆಂಡಿನ ಸೈಕಲ್ ಕಾರ್ಖಾನೆಗಳೂ ಯುದ್ಧಸಾಮಗ್ರಿಯ ತಯಾರಿಕೆಗೆ ತಿರುಗಿದ್ದಾಗ, ಇಂಥ ತೇಪೆ ಗೇಟರುಗಳು ಬಡವನ ಉಪಾಯವೆಂಬ ಹೆಸರನ್ನು ಕಳಚಿಕೊಂಡು ಸೈಕಲ್ ಇದ್ದವರೆಲ್ಲರ ಗತಿಯಾದವು.

ಓವರಾಲಿಂಗ್ ಎಂದರೆ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದ ಉಕ್ಕಿನ ಗುಂಡುಗಳನ್ನು ಬದಲಿಸಿ, ಗ್ರೀಸು ತುಂಬಿ ಮತ್ತೆ ಜೋಡಿಸುವ ಕೆಲಸ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗ ಮೊದಲು ಎಡವುತ್ತಿದ್ದುದು ಎಡಗಡೆಯ ಪೆಡಲಿನಲ್ಲಿ: ತುಳಿತದ ಒತ್ತಡಕ್ಕೆ ತಾನಾಗಿ ಕಳಚಿಕೊಳ್ಳದಿರಲೆಂದು ಆ ಪೆಡಲಿಗೆ ತಿರುಗುಮುರುಗಾದ ಥ್ರೆಡ್ ಕೊಟ್ಟಿರುವುದರಿಂದ, ಬಿಚ್ಚುತ್ತಿದ್ದೇನೆಂದು ತಿಳಿದವನು ಅದನ್ನು ಇನ್ನಷ್ಟು ಬಿಗಿಯುತ್ತಿದ್ದನು. ಪೆಡಲಿನ ತೋಳನ್ನು ಅಚ್ಚಿಗೆ ಹಿಡಿದಿಡುವ ಬೆಣೆಯಂಥ ‘ಕಾಟರ್ ಪಿನ್’ ಸವೆದು ತೋಳು ಅಲ್ಲಾಡಿದಾಗ ತಗಡಿನ ಚೂರನ್ನು ಜೊತೆಗೆ ತುರುಕಿ ಬಡಿಯುವ ಉಪಾಯ ಎಲ್ಲೆಡೆ ಇತ್ತು. ಆದರೆ ಒಮ್ಮೆ ಹಾಗೆ ಬಡಿದ ಪಿನ್ನು ಮುಂದಿನ ಸಲ ಸುಲಭವಾಗಿ ಹೊರಬರುತ್ತಿರಲಿಲ್ಲ. ಚೈನಿನ ವಿಷಯದಲ್ಲಿ ಕೈಚಳಕದ ಮಿತಿ ಇನ್ನೂ ಸ್ಪಷ್ಟ. ಚೈನು ಜಗ್ಗಿತೆಂದು ಹೇಳುವುದು ರೂಢಿಯಾದರೂ ಅದರ ಪಟ್ಟಿಗಳು ಉದ್ದವಾಗಿರುವುದಿಲ್ಲ, ಅವುಗಳನ್ನು ಕೂಡಿಸುವ ಪಿನ್ನುಗಳು ಸವೆದು ಸಂದು ಬಿಟ್ಟಿರುತ್ತದೆ. ಕೊಂಡಿ ಕಳಚಿ ಚೈನನ್ನು ಗಿಡ್ಡ ಮಾಡಿದರೆ ಅದು ಬೀಳುವುದು ನಿಲ್ಲುತ್ತದೆ, ಸವಕಲು ನಿಲ್ಲುವುದಿಲ್ಲ. ಸವೆದ ಚೈನು ಹಲ್ಲುಚಕ್ರಗಳನ್ನೂ ತಿಂದುಹಾಕಿ, ಉಳಿತಾಯವೆಂದು ಮಾಡಿದ ಕೆಲಸ ಕಡೆಗೆ ಹೆಚ್ಚಿನ ಖರ್ಚಿಗೆ ದಾರಿಯಾಗುತ್ತಿತ್ತು. ಹಳೆಯ ಉಪಾಯಗಳನ್ನೆಲ್ಲ ಒಟ್ಟಾಗಿ ಕೊಂಡಾಡುವ ಈಚಿನ ಬರಹಗಳು ನಿಜವಾಗಿ ಉಳಿಸಿದ ಉಪಾಯಕ್ಕೂ ಖರ್ಚನ್ನು ಬರಿದೆ ಮುಂದೂಡಿದ ಉಪಾಯಕ್ಕೂ ಇರುವ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ರಿಪೇರಿಯೊಂದರಿಂದಲೇ ಅಂಗಡಿ ನಡೆಯುತ್ತಿರಲಿಲ್ಲ. ಮಡ್‌ಗಾರ್ಡಿನ ಮೇಲೆ ನಂಬರು ಬರೆಸಿದ ಬಾಡಿಗೆ ಸೈಕಲ್ಲುಗಳ ಆದಾಯವೇ ಅನೇಕ ಅಂಗಡಿಗಳಿಗೆ ಆಧಾರವಾಗಿತ್ತು. ಒಯ್ದವನ ಹೆಸರು, ಸೈಕಲ್ಲಿನ ನಂಬರು, ಹೊರಟ ಮತ್ತು ಮರಳಿದ ವೇಳೆ ಒಂದು ಉದ್ದನೆಯ ಪುಸ್ತಕದಲ್ಲಿ ದಾಖಲಾಗುತ್ತಿದ್ದವು. ಎಟುಕದ ಸೀಟಿನ ಗೊಡವೆಗೆ ಹೋಗದೆ, ಬಾರಿನ ಅಡಿಯಿಂದ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತ ಮಕ್ಕಳು ಬಗ್ಗಿಸಿ ತಂದ ಹ್ಯಾಂಡಲ್ಲು, ರಿಮ್ಮುಗಳನ್ನು ನೆಟ್ಟಗೆ ಮಾಡುತ್ತಲೇ ಹೊಸ ಹುಡುಗರ ಕೈ ಪಳಗುತ್ತಿತ್ತು. 

2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಸೈಕಲ್ ಹಂಚುವ ಯೋಜನೆ ಆರಂಭಿಸಿದ ಮೇಲೆ ಮೋಟಾರ್ ಸೈಕಲ್ಲುಗಳ ನಡುವೆ ಕಡಿಮೆಯಾಗಿದ್ದ ಸೈಕಲ್ಲು ಹಳ್ಳಿಗಳ ರಸ್ತೆಯಲ್ಲಿ ಮತ್ತೆ ಹೆಚ್ಚಿತಾದರೂ, ಅಷ್ಟರಲ್ಲಿ ಪಂಪು ಹಿಡಿದ ಅನೇಕ ಕೈಗಳು ಮೋಟಾರ್ ಸೈಕಲ್ಲಿನ ಟೈರುಗಳತ್ತ ತಿರುಗಿದ್ದವು. ಗೇರಿನ ಸೈಕಲ್ಲುಗಳು ಬಂದ ಮೇಲಂತೂ ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವ ಕಾಲ ಮುಗಿಯಿತು. ಈ ಕಸುಬಿನವರು ತಮ್ಮ ವಿದ್ಯೆಯನ್ನು ಬರೆದಿಟ್ಟವರಲ್ಲ. ಅವರ ಅಂಗಡಿಗಳಲ್ಲಿ ಬರಹವೆಂದು ಉಳಿದಿರುವುದು ಮುಖ್ಯವಾಗಿ ಎಣ್ಣೆ ಮೆತ್ತಿದ ಆ ಬಾಡಿಗೆ ಪುಸ್ತಕಗಳು. ಊರಿನ ಚರಿತ್ರೆ ಬರೆಯಹೊರಟವರು ಅವು ರದ್ದಿಗೆ ಹೋಗುವ ಮುನ್ನ ಒಮ್ಮೆ ಕೇಳಿ ನೋಡಬೇಕು.