ಗೊರಕೆ ರೋಗದ ಕಾರಣಶೋಧನೆ

ಕೊಡಗಿನ ಬೆಟ್ಟಗಳ ನಡುವಣ ತಗ್ಗುಗಳಲ್ಲಿ ಭತ್ತದ ಗದ್ದೆಗಳಿವೆ. ಮುಂಗಾರಿನಲ್ಲಿ ಉತ್ತು ನಾಟಿ ಮುಗಿಸಿದ ಮೇಲೆ ಕೈಲ್‌ಪೊಳ್ದ್ ಹಬ್ಬವನ್ನು ಆಚರಿಸುವುದು ಆ ನಾಡಿನ ವಾಡಿಕೆ. ಯಂತ್ರಗಳು ಬರುವುದಕ್ಕೆ ಮುನ್ನ ಆ ಉಳುಮೆಯ ಭಾರವು ಎತ್ತಿನ ಹೆಗಲ ಮೇಲಿದ್ದಿತು. ಕೆಸರಿನಲ್ಲಿ ದುಡಿದ ದನ ಕೆರೆಗಿಳಿಯುವ, ಅದೇ ನೀರಿನಲ್ಲಿ ಬಸವನಹುಳುಗಳು ಬೆಳೆಯುವ ಇಂತಹ ಭತ್ತದ ನಾಡುಗಳೇ ಗೊರಕೆ ರೋಗಕ್ಕೆ ಅನುಕೂಲವಾದ ನೆಲೆಗಳು. ಈ ರೋಗದ ಕಾರಣವು ತಿಳಿದುಬಂದ ಬಗೆಯು ವಿಚಾರಾರ್ಹವಾಗಿದೆ.

ರೋಗದ ಹೆಸರು ಕಿವಿಗೆ ಬಿದ್ದ ಸದ್ದಿನಿಂದ ಬಂದುದು. ಮೂಗಿನೊಳಗೆ ಹೂಕೋಸಿನಂತಹ ಗಂಟುಗಳೆದ್ದು ಉಸಿರಿನ ದಾರಿ ಕಿರಿದಾಗುವುದು. ದನವು ಗೊರಕೆ ಹೊಡೆದಂತೆ ಉಸಿರಾಡುವುದು. ಸಿಂಬಳದಲ್ಲಿ ರಕ್ತ ಕಾಣುವುದು. ಎತ್ತಿನ ದುಡಿಮೆಯೂ ಹಸುವಿನ ಹಾಲೂ ಕುಗ್ಗುವುವು. ಕಣ್ಣಿಗೆ ಕಾಣುವುದು ಮೂಗಾದುದರಿಂದ ಕಾರಣವನ್ನೂ ಅಲ್ಲಿಯೇ ಅರಸುವುದು ಸಹಜವಾಗಿದ್ದಿತು.

ರಕ್ತನಾಳಗಳಲ್ಲಿ ವಾಸಿಸುವ ಹುಳುವೊಂದನ್ನು ಬಿಲ್‌ಹಾರ್ಜ್ ಎಂಬ ಜರ್ಮನ್ ವೈದ್ಯನು 1851ರಲ್ಲಿ ಕೈರೋ ನಗರದಲ್ಲಿ ಮನುಷ್ಯರ ಶವಗಳಲ್ಲಿ ಕಂಡನು. ಅದರ ಬಂಧುವಾದ ಮತ್ತೊಂದು ಹುಳು ಬಸವನಹುಳುವಿನಲ್ಲಿ ಬೆಳೆಯುವುದೆಂದು ಜಪಾನಿನ ಮಿಯಾಇರಿ ಮತ್ತು ಸುಜುಕಿ ಎಂಬವರು 1913ರಲ್ಲಿ ತೋರಿಸಿದರು. ಭಾರತದ ದನಗಳ ಮೂಗಿನ ಗಂಟಿಗೂ ಇದೇ ಕುಲದ ಹುಳು ಕಾರಣವೆಂಬುದನ್ನು 1932ರಲ್ಲಿ ದತ್ತ ಅವರು ಪ್ರಕಟಿಸಿದರು. ಮದರಾಸಿನ ಪಶುವೈದ್ಯ ಕಾಲೇಜಿನ ಎಂ. ಅನಂತನಾರಾಯಣ ರಾವ್ ಅವರು 1933ರಲ್ಲಿ ಅದನ್ನು ಷಿಸ್ಟೊಸೋಮ ನೇಸಾಲೆ ಎಂಬ ಪ್ರತ್ಯೇಕ ಜಾತಿಯಾಗಿ ವರ್ಣಿಸಿದರು. ಕರುಗಳಿಗೆ ಸೋಂಕನ್ನು ತಗುಲಿಸಿ ಪರೀಕ್ಷಿಸಿದರು.

ಹುಳುವಿನ ಜೀವನಚಕ್ರವು ಹೀಗಿದೆ. ಗಂಡುಹೆಣ್ಣುಗಳು ಜೊತೆಯಾಗಿ ಮೂಗಿನ ಅಭಿಧಮನಿಗಳಲ್ಲಿ ನೆಲಸುವುವು. ಬಾಗಿದ ಬೂಮರಾಂಗಿನ ಆಕಾರದ ಮೊಟ್ಟೆಗಳು ಸಿಂಬಳದೊಡನೆ ನೀರಿಗೆ ಬೀಳುವುವು. ಮೊಟ್ಟೆಯೊಡೆದು ಬಂದ ಮರಿಯು ಇಂಡೊಪ್ಲಾನಾರ್ಬಿಸ್ ಎಕ್ಸಸ್ಟಸ್ ಎಂಬ ಬಸವನಹುಳುವನ್ನು ಹೊಕ್ಕು, ಅಲ್ಲಿ ಅನೇಕವಾಗಿ ವೃದ್ಧಿಯಾಗುವುದು. ಅನಂತರ ಹೊರಬಂದ ಕವಲುಬಾಲದ ಮರಿಗಳು ನೀರಿಗಿಳಿದ ದನದ ಚರ್ಮವನ್ನು ಭೇದಿಸಿ ರಕ್ತವನ್ನು ಸೇರುವುವು.

ಇಲ್ಲಿ ಹೆಸರಿನ ಮಿತಿಯು ಸ್ಪಷ್ಟವಾಗುವುದು. ಎಮ್ಮೆಗಳಲ್ಲಿ ಲಕ್ಷಣಗಳು ಬಹುಮಟ್ಟಿಗೆ ಸೌಮ್ಯವಾಗಿರುವುವು; ಗೊರಕೆ ಕೇಳಿಸದಿದ್ದರೂ ಅವುಗಳ ಸಿಂಬಳದಲ್ಲಿ ಮೊಟ್ಟೆಗಳಿರಬಹುದು. ಸದ್ದನ್ನೇ ನೆಚ್ಚಿದ ನಿದಾನವು ಕೆರೆಗೆ ಸೋಂಕನ್ನು ತರುವ ಪ್ರಾಣಿಯನ್ನೇ ಕೈಬಿಡುವುದು. ಆದುದರಿಂದ ಸಿಂಬಳವನ್ನು ಸೂಕ್ಷ್ಮದರ್ಶಕದಡಿ ನೋಡುವುದು ಅವಶ್ಯಕವಾಯಿತು.

ಚಿಕಿತ್ಸೆಗೆ ಮೊದಲು ಆಂಟಿಮನಿ ಲವಣಗಳೂ ಮುಂದೆ ಪ್ರಾಜಿಕ್ವಾಂಟೆಲ್ ಔಷಧವೂ ಬಳಕೆಗೆ ಬಂದುವು. ಆದರೆ ಗುಣ ಹೊಂದಿದ ಎತ್ತು ಅದೇ ಮಡುವಿಗೆ ಇಳಿದರೆ ಮತ್ತೆ ಸೋಂಕು ತಗುಲಬಹುದು. ಬೇನೆ ಮೂಗಿನಲ್ಲಿದ್ದರೂ ಅದರ ಮೂಲ ನೀರಿನಲ್ಲಿದೆ. ರೈತನ ದನವನ್ನು ಉಳಿಸಬೇಕಾದರೆ ಕೆರೆಯನ್ನೂ ಕಾಯಬೇಕು.