ಫೇರ್‌ಫ್ಯಾಕ್ಸ್ ಕೌಂಟಿಯ ಆಯವ್ಯಯ ಮತ್ತು ಆಸ್ತಿ ತೆರಿಗೆ
ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯ ಬೊಕ್ಕಸ ಮುಖ್ಯವಾಗಿ ಮನೆ, ಕಟ್ಟಡ, ನಿವೇಶನಗಳ ಮೇಲಿನ ತೆರಿಗೆಯನ್ನೇ ನೆಚ್ಚಿಕೊಂಡಿದೆ. ಆರ್ಥಿಕ ವರ್ಷ ಜುಲೈ 1ಕ್ಕೆ ಆರಂಭ. ಕೌಂಟಿಯ ಮುಖ್ಯ ಆಡಳಿತಾಧಿಕಾರಿ ಫೆಬ್ರವರಿಯಲ್ಲಿ ಆಯವ್ಯಯದ ಕರಡು ಮಂಡಿಸುತ್ತಾರೆ. ಚುನಾಯಿತ ಮೇಲ್ವಿಚಾರಕರ ಮಂಡಳಿ ತೆರಿಗೆಯ ಗರಿಷ್ಠ ದರವನ್ನು ಮೊದಲೇ ಪ್ರಕಟಿಸಿ, ಸಾರ್ವಜನಿಕರ ಅಹವಾಲು ಆಲಿಸಿ, ಮೇ ತಿಂಗಳಲ್ಲಿ ಆಯವ್ಯಯಕ್ಕೆ ಒಪ್ಪಿಗೆ ಕೊಡುತ್ತದೆ. ಪ್ರಕಟಿಸಿದ ದರವನ್ನು ಆಮೇಲೆ ಇಳಿಸಬಹುದು, ಮರುಪ್ರಕಟಣೆಯಿಲ್ಲದೆ ಮೀರುವಂತಿಲ್ಲ.

ದರ ನಿಗದಿಯಾಗುವುದು ಪ್ರತಿ 100 ಡಾಲರ್ ಮೌಲ್ಯಕ್ಕೆ. 7 ಲಕ್ಷ ಡಾಲರ್ ಬೆಲೆಯ ಮನೆಗೆ ದರ ಒಂದೇ ಒಂದು ಸೆಂಟ್ ಏರಿದರೂ ವರ್ಷಕ್ಕೆ 70 ಡಾಲರ್ ಹೆಚ್ಚುವರಿ ಹೊರೆ. ದರ ಇದ್ದಲ್ಲೇ ಇದ್ದು ಮನೆಯ ಮೌಲ್ಯ ಶೇ. 5ರಷ್ಟು ಏರಿದರೆ ಬಿಲ್ಲೂ ಅಷ್ಟೇ ಏರುತ್ತದೆ. ಆದ್ದರಿಂದ ದರವನ್ನಷ್ಟೇ ನೋಡಿ ಹೊರೆಯನ್ನು ಅಳೆಯುವುದು ಸರಿಯಲ್ಲ. ಮನೆಯ ಬೆಲೆ ಏರಿದ ಮಾತ್ರಕ್ಕೆ ನಿವೃತ್ತರ ಪಿಂಚಣಿ ಏರುವುದಿಲ್ಲ. ಆದಾಯ ಕಡಿಮೆಯಿರುವ ಹಿರಿಯರಿಗೂ ಅಂಗವಿಕಲರಿಗೂ ವಿನಾಯಿತಿ ಇರುವುದು ಈ ಕಾರಣಕ್ಕೇ.

ವೆಚ್ಚ ಕಡಿತವೂ ಸುಲಭವಲ್ಲ. ಸಾಮಾನ್ಯ ನಿಧಿಯ ಅರ್ಧಕ್ಕಿಂತ ಹೆಚ್ಚು ಹಣ ಸರ್ಕಾರಿ ಶಾಲೆಗಳಿಗೇ ಹೋಗುತ್ತದೆ. ಆಸ್ತಿ ತೆರಿಗೆಯ ಮೇಲಿನ ಒತ್ತಡ ತಗ್ಗಿಸಲು ಪ್ರಸ್ತಾಪಿಸಿದ್ದ ಹೋಟೆಲ್ ಊಟದ ತೆರಿಗೆಯನ್ನು ಮತದಾರರು 2016ರಲ್ಲಿ ತಿರಸ್ಕರಿಸಿದರು. 2020ರಲ್ಲಿ ರಾಜ್ಯದ ಕಾನೂನು ಬದಲಾಗಿ ಇಂಥ ತೆರಿಗೆಗೆ ಜನಮತಗಣನೆಯ ಕಡ್ಡಾಯ ತಪ್ಪಿತು. 2025ರಲ್ಲಿ ಮಂಡಳಿಯೇ ಶೇ. 4ರ ತೆರಿಗೆಗೆ ಒಪ್ಪಿಗೆ ನೀಡಿತು.