ನಮ್ಮೂರು ನೋಟಿಸ್ ಕೊಟ್ಟ ಕಾರ್ಖಾನೆ (ಭಾಗ 3)

ಬೆಳಗಾವ್ಯಾಗ ಕಿರ್ಲೋಸ್ಕರ್ ರೋಡ್ ತುಳೀಲಾರದವರು ನಮ್ಮ ಕ್ಲಾಸಿನಾಗ ಯಾರೂ ಇಲ್ಲ. ಆದ್ರ ಕಿರ್ಲೋಸ್ಕರ್ ಅಂದ್ರ "ಪುಣೆ ಕಂಪನಿ ಅಲ್ಲಾ ಅದು?" ಅಂತಾರ. ಅಲ್ರಪಾ, ಅದು ಹುಟ್ಟಿದ್ದು ಇಲ್ಲೇ.

ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿಯಲು ಮುಂಬೈಗೆ ಹೋದರು. ಕೆಲವು ಬಣ್ಣಗಳು ಅವರ ಕಣ್ಣಿಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಯಂತ್ರದ ಡ್ರಾಯಿಂಗಿಗೆ ಬಣ್ಣದ ಹಂಗಿಲ್ಲ, ಅದನ್ನೇ ಹಿಡಿದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರುವಾಯಿತು. ಅಣ್ಣ ರಾಮುಅಣ್ಣ ಸೈಕಲ್ ಮಾರೋದಷ್ಟೇ ಅಲ್ಲ, ಹೊಡಿಯೋದನ್ನೂ ಕಲಿಸ್ತಿದ್ರು.

ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ಮುಟ್ಟಿದರೆ ಹೊಲಕ್ಕೆ ವಿಷ ಏರುತ್ತದೆ ಅಂತ ರೈತರು ಹೆದರಿದರು. ಮೊದಲನೇ ನೇಗಿಲು ಮಾರಾಟ ಆಗಲಿಕ್ಕೆ ಎರಡು ವರ್ಷ ಬೇಕಾಯಿತು! ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳಬೇಕಂದ್ರ, ಎರಡು ವರ್ಷ ಬರೇ ಸ್ಟಾಕು, ಸೇಲ್ಸ್ ಸೊನ್ನೆ.

ಅಂತೂ ಕೆಲಸ ಕುದುರುವಾಗ ಮುನ್ಸಿಪಾಲಿಟಿ ನೋಟಿಸ್ ಕೊಟ್ಟಿತು: ಹೊಸ ಬಡಾವಣೆ ಮಾಡಬೇಕು, ಜಾಗ ಖಾಲಿ ಮಾಡಿ. ಊರು ಬೆಳೀಬೇಕು, ಮನೆಗಳೂ ಬೇಕು, ಅದು ಖರೆ. ಆದ್ರ ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯೋ ಕೆಲಸಕ್ಕ ಕುಲುಮೆ ಬೇಕು, ಅಂಗಳ ಬೇಕು. ಅದನ್ನ ಅಂಗಡಿ ಸಾಮಾನಿನಂಗ ಕಟ್ಟಿಕೊಂಡು ಹೋಗಾಕ ಆಗೂದಿಲ್ಲ.

ಜಾಗ ಮತ್ತು ಸಾಲ ಕೊಟ್ಟವರು ಔಂಧ್ ಸಂಸ್ಥಾನದ ರಾಜ. ಜಾಗ ಅಂದ್ರ ಪಾಪಾಸುಕಳ್ಳಿ, ನಾಗರಹಾವು ತುಂಬಿದ ಬಂಜರು. 1910ರಲ್ಲಿ ಸುಮಾರು 25 ಕಾರ್ಮಿಕರು ಕುಟುಂಬ ಕಟ್ಟಿಕೊಂಡು ಜೊತೆಗೆ ಹೋದರು. ಅದೇ ಇವತ್ತಿನ ಕಿರ್ಲೋಸ್ಕರವಾಡಿ. ಅಲ್ಲಿಂದ ನೇಗಿಲು, ಪಂಪು. ಮುಂದೆ ಪುಣೆಯಲ್ಲಿ ಎಂಜಿನ್. 1941ರಲ್ಲಿ ನಮ್ಮ ಹರಿಹರದಲ್ಲಿ ಲೇತ್ ಕಾರ್ಖಾನೆ. ಬೆಳಗಾವಿಗೆ ಉಳಿದದ್ದು ರಸ್ತೆಯ ಹೆಸರು.

ಕಬ್ಬಿಣದ ಕೆಲಸ ಮಾತ್ರ ಊರು ಬಿಡಲಿಲ್ಲ. ನಮ್ಮ ಕಣಕುಂಬಿ ಬಸ್ಸು ಪಿರನವಾಡಿ ದಾಟಿದ ಮೇಲೆ ಉದ್ಯಮಬಾಗ ಬರತೈತಿ ನೋಡ್ರಿ, ಅಲ್ಲಿನ ಫೌಂಡ್ರಿಗಳಲ್ಲಿ ವಾಹನದ ಎಂಜಿನ್ ಭಾಗ, ಪಂಪು-ವಾಲ್ವಿನ ಭಾಗ ಎರಕ ಆಗ್ತಾವ. ಹತ್ತರಗಿಯ ಏಕಸ್‌ನಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳ ಬಿಡಿಭಾಗ ತಯಾರಾಗ್ತಾವ. ಈ ಸಲ ವಿಶೇಷ ಆರ್ಥಿಕ ವಲಯ ಅಂತ ಕಾರ್ಖಾನೆಗೇ ಬೇರೆ ಜಾಗ ಇಟ್ಟಾರ. ನೂರು ವರ್ಷ ತಡ ಆತು, ಅಷ್ಟ.

ಆದ್ರೂ ಡಿಗ್ರಿ ಮುಗಿದ ಕೂಡಲೇ ಖಾನಾಪುರ ಕಡೆ ಹುಡುಗರು ಹತ್ತೋದು ಪುಣೆ ಟ್ರೇನೇ. ಅದು ಹೋಗೋದೂ ಕಿರ್ಲೋಸ್ಕರವಾಡಿ ಮ್ಯಾಲೇ.

ನಿಮ್ಮ ಮನ್ಯಾಗ ಯಾರರ ಉದ್ಯಮಬಾಗದಾಗ ದುಡಿದಿದ್ರ ಯಾವ ಕೆಲಸ, ಎಷ್ಟು ವರ್ಷ ಅಂತ ಕಾಮೆಂಟಿನಾಗ ಹಾಕ್ರಿ. ಭಾಗ 4 ಅವರದೇ ಮಾತಿನಾಗ ಬರೀತೀನಿ.